ಸಾಧುತ್ವ (ಕ್ರೈಸ್ತ ಸದ್ಗುಣ)

ಸಾಧುತ್ವ ಎಂದರೆ ಕೋಪವನ್ನೂ ಅಧಿಕಾರವನ್ನೂ ಹತೋಟಿಯಲ್ಲಿಟ್ಟುಕೊಂಡು, ಎದುರಿಗಿರುವವರ ಘನತೆಗೆ ಕುಂದು ಬಾರದಂತೆ ಮಾತಾಡುವ, ತಿದ್ದುವ, ನಡೆದುಕೊಳ್ಳುವ ಸ್ಥಿರವಾದ ಮನೋಗುಣ. ಹೊಸ ಒಡಂಬಡಿಕೆಯಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವು ಪವಿತ್ರಾತ್ಮನ ಫಲಗಳೆಂದು ಒಂಬತ್ತು ಗುಣಗಳನ್ನು ಎಣಿಸುತ್ತದೆ. ಅವುಗಳಲ್ಲಿ ಇದು ಎಂಟನೆಯದು. ಕ್ರೈಸ್ತ ನೀತಿಬೋಧೆಯ ಪ್ರಕಾರ ಇದು ಕೆಲವರಿಗೆ ಹುಟ್ಟಿನಿಂದ ಬಂದು ಕೆಲವರಿಗೆ ಬಾರದ ಸ್ವಭಾವವಲ್ಲ. ದೇವರ ಕೃಪೆಯನ್ನು ಬೇಡುತ್ತ, ದಿನದಿನದ ಅಭ್ಯಾಸದಿಂದ ಯಾರು ಬೇಕಾದರೂ ರೂಢಿಸಿಕೊಳ್ಳಬಹುದಾದದ್ದು. ಬಲವಿಲ್ಲದವರು ಅನಿವಾರ್ಯವಾಗಿ ಸುಮ್ಮನಿರುವುದಕ್ಕೆ ಈ ಹೆಸರು ಸಲ್ಲುವುದಿಲ್ಲ. ಬೈಬಲ್ಲಿನಿಂದ ಹಿಡಿದು ನಾಗಪುರ, ಬೆಂಗಳೂರುಗಳ ಇಂದಿನ ಶಾಲೆಗಳವರೆಗೆ ಈ ಗುಣದ ಚರಿತ್ರೆಯನ್ನು ನೋಡಿದರೆ, ಕೈಯಲ್ಲಿ ಅಧಿಕಾರವುಳ್ಳವರಿಂದಲೇ ಇದನ್ನು ಮೊದಲು ನಿರೀಕ್ಷಿಸಿರುವುದು ಕಾಣುತ್ತದೆ.

ಪರಿಭಾಷೆ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಗುಣಕ್ಕೆ ‘ಪ್ರಾವುಟೆಸ್’ ಎಂಬ ಹೆಸರಿದೆ. ಕನ್ನಡ ಬೈಬಲ್ಲಿನ ಅನುವಾದಗಳು ಸಂದರ್ಭಕ್ಕೆ ತಕ್ಕಂತೆ ಸಾಧುತ್ವ, ಸಾತ್ವಿಕತ್ವ, ಶಾಂತಸ್ವಭಾವ ಎಂಬ ಮಾತುಗಳನ್ನು ಬಳಸಿವೆ. ಈ ಲೇಖನದಲ್ಲಿ ಸಾಧುತ್ವ ಎಂಬುದನ್ನೇ ಇಟ್ಟುಕೊಳ್ಳಲಾಗಿದೆ. ಇದರ ನೆರೆಯ ಗುಣಗಳೊಂದಿಗೆ ಇದನ್ನು ಬೆರೆಸಬಾರದು. ದೀನತೆ ಎನ್ನುವುದು ಮನುಷ್ಯ ತನ್ನನ್ನು ತಾನು ಎಷ್ಟೆಂದು ತಿಳಿಯುತ್ತಾನೆ ಎಂಬುದಕ್ಕೆ ಸಂಬಂಧಿಸಿದ್ದು. ದೀರ್ಘಶಾಂತಿ ಬಹುಕಾಲ ತಾಳಿಕೊಳ್ಳುವ ಶಕ್ತಿ. ದಯೆ ಇನ್ನೊಬ್ಬರಿಗೆ ಒಳಿತನ್ನು ಮಾಡುವುದು. ಸಾಧುತ್ವವಾದರೋ, ಕೋಪ ಬರುವ ಹೊತ್ತಿನಲ್ಲಿ, ನೋಯಿಸುವ ಶಕ್ತಿ ಕೈಯಲ್ಲಿರುವ ಹೊತ್ತಿನಲ್ಲಿ ಮನುಷ್ಯ ಹೇಗಿರುತ್ತಾನೆ ಎಂಬುದಕ್ಕೆ ಸಂಬಂಧಿಸಿದ್ದು.

ಉಗಮ

ಹಳೆಯ ಒಡಂಬಡಿಕೆಯಲ್ಲಿ ಈ ಗುಣದ ಮೊದಲ ದೊಡ್ಡ ಮಾದರಿ ಮೋಶೆ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಅಣ್ಣ ಆರೋನ, ಅಕ್ಕ ಮಿರ್ಯಾಮ ಇಬ್ಬರೂ ಅವನ ವಿರುದ್ಧ ಮಾತಾಡುತ್ತಾರೆ. ಮೋಶೆ ಪ್ರತಿಯಾಗಿ ಏನನ್ನೂ ಹೇಳುವುದಿಲ್ಲ. ಮಿರ್ಯಾಮಳಿಗೆ ಚರ್ಮರೋಗ ತಗಲಿದಾಗ ಅವಳು ಗುಣವಾಗಲೆಂದು ದೇವರಲ್ಲಿ ಮೊರೆಯಿಡುತ್ತಾನೆ. ಅವನಿಗಿಂತ ಸಾತ್ವಿಕರು ಲೋಕದಲ್ಲಿರಲಿಲ್ಲ ಎಂಬ ಮಾತು ಬರುವುದು ಈ ಪ್ರಸಂಗದಲ್ಲಿಯೇ. ಫರೋಹನ ಎದುರು ನಿಂತು ಒಂದು ಜನಾಂಗವನ್ನೇ ಬಿಡಿಸಿಕೊಂಡು ಬಂದವನನ್ನು ಹೀಗೆ ಕರೆದಿರುವುದು ಗಮನಿಸತಕ್ಕದ್ದು. 37ನೆಯ ಕೀರ್ತನೆಯು ಕೆಟ್ಟವರ ಏಳಿಗೆಯನ್ನು ಕಂಡು ಉರಿದೇಳಬೇಡ ಎಂದು ಬೋಧಿಸಿ, ದೇಶವು ಕೊನೆಗೆ ದೀನರ ಪಾಲಾಗುವುದೆಂದು ಭರವಸೆ ಕೊಡುತ್ತದೆ. ಜ್ಞಾನೋಕ್ತಿಗಳ 15ನೆಯ ಅಧ್ಯಾಯ ಆರಂಭವಾಗುವುದೇ ಮೃದುವಾದ ಉತ್ತರವು ಸಿಟ್ಟನ್ನು ಇಳಿಸುವ ಬಗೆಯಿಂದ.

ಗ್ರೀಕರಲ್ಲಿ ಅರಿಸ್ಟಾಟಲ್ ತನ್ನ ನಿಕೊಮೇಕಿಯನ್ ನೀತಿಶಾಸ್ತ್ರದ 4ನೆಯ ಭಾಗದಲ್ಲಿ ಇದೇ ಗುಣವನ್ನು ಚರ್ಚಿಸಿದ್ದಾನೆ. ಅತಿಕೋಪ ಒಂದು ತುದಿ, ಕೋಪಿಸಬೇಕಾದಲ್ಲಿಯೂ ಕೋಪಿಸದಿರುವುದು ಇನ್ನೊಂದು ತುದಿ. ಸಾಧುತ್ವ ಇವೆರಡರ ನಡುವಿನ ಹದ ಎಂಬುದು ಅವನ ನಿರ್ಣಯ.

ಸುವಾರ್ತೆಗಳಲ್ಲಿ ಸಾಧುತ್ವಕ್ಕೆ ಒಂದು ಮುಖ ದೊರೆಯುತ್ತದೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಪರ್ವತಪ್ರಸಂಗದಲ್ಲಿ ಯೇಸು ಶಾಂತರನ್ನು ಧನ್ಯರೆನ್ನುತ್ತಾನೆ. 11ನೆಯ ಅಧ್ಯಾಯದಲ್ಲಿ ತನ್ನ ಸ್ವಭಾವವೇ ಅದೆಂದು ಹೇಳಿ ದಣಿದವರನ್ನು ಹತ್ತಿರ ಕರೆಯುತ್ತಾನೆ. 21ನೆಯ ಅಧ್ಯಾಯದಲ್ಲಿ, ಪ್ರವಾದಿ ಜೆಕರ್ಯ ಮುಂತಿಳಿಸಿದ್ದಂತೆ, ಕತ್ತೆಯ ಮೇಲೆ ಕೂತು ಯೆರೂಸಲೇಮನ್ನು ಪ್ರವೇಶಿಸುತ್ತಾನೆ. ಅದೇ ಅಧ್ಯಾಯದಲ್ಲಿ ದೇವಾಲಯದ ಅಂಗಳದಿಂದ ವ್ಯಾಪಾರಿಗಳನ್ನು ಹೊರಗಟ್ಟುತ್ತಾನೆ. ಈ ಎರಡು ಘಟನೆಗಳು ಒಂದರ ಪಕ್ಕ ಒಂದು ಇರುವುದರಿಂದಲೇ, ಅನ್ಯಾಯದ ಎದುರು ಬಾಯಿ ಮುಚ್ಚಿರುವುದನ್ನು ಸಾಧುತ್ವವೆಂದು ಕ್ರೈಸ್ತ ವ್ಯಾಖ್ಯಾನಕಾರರು ಒಪ್ಪಿಲ್ಲ. ಯೋಹಾನನ ಸುವಾರ್ತೆಯಲ್ಲಿ ವಿಚಾರಣೆಯ ವೇಳೆ ಕಾವಲುಗಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯುವುದಿಲ್ಲ. ಆದರೆ ಯಾವ ತಪ್ಪಿಗಾಗಿ ಹೊಡೆದೆ ಎಂದು ನೇರವಾಗಿ ಕೇಳುತ್ತಾನೆ.

ಪೌಲನ ಪತ್ರಗಳು ಈ ಗುಣವನ್ನು ಸಭೆಯ ಒಳಜೀವನಕ್ಕೆ ತಂದವು. ತಪ್ಪಿದವರನ್ನು ಸಾಧುತ್ವದಿಂದ ಸರಿದಾರಿಗೆ ತರಬೇಕು, ಹಾಗೆ ಮಾಡುವಾಗ ತಾನೂ ಜಾರಬಹುದೆಂಬ ಎಚ್ಚರ ಇರಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯ ವಿಧಿಸುತ್ತದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಎದುರಾಡುವವರಿಗೂ ಹೀಗೆಯೇ ಬೋಧಿಸಬೇಕೆನ್ನುತ್ತದೆ. ಪೇತ್ರನ ಮೊದಲ ಪತ್ರದ ಪ್ರಕಾರ ನಂಬಿಕೆಯ ಬಗ್ಗೆ ಪ್ರಶ್ನಿಸಿದವರಿಗೆ ಉತ್ತರಿಸುವ ರೀತಿಯೂ ಇದೇ.

ಸ್ವರೂಪ

ಸಾಧುತ್ವದ ಶಾಸ್ತ್ರೀಯ ವಿಶ್ಲೇಷಣೆಯನ್ನು ಕೊಟ್ಟವನು 13ನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ (1225–1274). ‘ಸುಮ್ಮಾ ಥಿಯೊಲಾಜಿಯೆ’ ಗ್ರಂಥದ ಎರಡನೆಯ ಭಾಗದಲ್ಲಿ ಅವನು ಇದನ್ನು ಕ್ಷಮಾಶೀಲತೆಯ ಜೊತೆಗಿಟ್ಟು, ಸಂಯಮ ಎಂಬ ಮೂಲಗುಣದ ಅಂಗವಾಗಿ ನಿರೂಪಿಸುತ್ತಾನೆ. ಅವನ ವಿಂಗಡಣೆ ಸರಳವಾಗಿದೆ. ಶಿಕ್ಷಿಸುವ ಅಧಿಕಾರವುಳ್ಳವನು ಶಿಕ್ಷೆಯನ್ನು ತಗ್ಗಿಸುವುದು ಕ್ಷಮಾಶೀಲತೆ. ಶಿಕ್ಷಿಸಬೇಕೆಂದು ಒಳಗೆ ಏಳುವ ಕೋಪವನ್ನೇ ಹದಕ್ಕೆ ತರುವುದು ಸಾಧುತ್ವ. ಮೊದಲನೆಯದು ಹೊರಗೆ ಕಾಣುತ್ತದೆ, ಎರಡನೆಯದು ಒಳಗೆ ನಡೆಯುತ್ತದೆ. ಕೋಪ ತೀರ್ಪನ್ನು ಕೆಡಿಸುತ್ತದೆ. ಹಾಗಾಗಿ ಸಾಧುತ್ವದ ಮೊದಲ ಪ್ರಯೋಜನ ಎಂದರೆ ಮನುಷ್ಯ ತನ್ನ ವಿವೇಕದ ಮೇಲಿನ ಹಿಡಿತವನ್ನು ಕಳೆದುಕೊಳ್ಳದೆ ಇರುವುದು. ಇದರ ಜೊತೆಗೇ, ನ್ಯಾಯ ಬೇಡುವಲ್ಲಿ ಕೋಪವೇ ಬಾರದಿರುವುದು ಒಂದು ದೋಷ ಎಂದೂ ಅಕ್ವಿನಾಸ್ ಹೇಳಿದ್ದಾನೆ. ಇದು ಪದೇ ಪದೇ ಮರೆತುಹೋಗುವ ಮಾತು, ಮರೆತಾಗಲೆಲ್ಲ ಈ ಗುಣದ ದುರ್ಬಳಕೆ ನಡೆದಿದೆ.

ಬಗೆಗಳು

ಯಾರ ಕಡೆಗೆ ಎಂಬುದನ್ನು ಹಿಡಿದು ಬೋಧಕರು ಸಾಧುತ್ವವನ್ನು ವಿಂಗಡಿಸುವುದುಂಟು. ದೇವರ ವಾಕ್ಯವನ್ನು ವಾದಹೂಡದೆ ಸ್ವೀಕರಿಸುವುದು ಒಂದು. ಯಾಕೋಬನ ಪತ್ರದಲ್ಲಿ ಈ ಅರ್ಥವಿದೆ. ನೆರೆಯವರ ಕಡೆಗಿನದು ಎಲ್ಲರಿಗೂ ಗೊತ್ತಿರುವಂಥದು. ವಿರೋಧಿಗಳ ಕಡೆಗಿನದು ಹೆಚ್ಚು ಕಷ್ಟದ್ದು. ತನ್ನ ಕಡೆಗೇ ತೋರಬೇಕಾದ ಸಾಧುತ್ವ ಎಂಬ ನಾಲ್ಕನೆಯ ಬಗೆಯನ್ನು ವಿಸ್ತಾರವಾಗಿ ಬೋಧಿಸಿದವನು ಫ್ರಾನ್ಸಿಸ್ ಡಿ ಸೇಲ್ಸ್.

ಸಲೇಶಿಯನ್ ಸಂಪ್ರದಾಯ ಮತ್ತು ನಾಗಪುರ

ಫ್ರಾನ್ಸಿಸ್ ಡಿ ಸೇಲ್ಸ್ (1567–1622) ಈಗಿನ ಫ್ರಾನ್ಸಿನ ಸವಾಯ್ ಪ್ರದೇಶದವನು, ಜಿನೀವಾದ ಧರ್ಮಾಧ್ಯಕ್ಷ. ಕ್ಯಾಥೊಲಿಕರು ಮತ್ತು ಪ್ರೊಟೆಸ್ಟೆಂಟರು ಒಬ್ಬರನ್ನೊಬ್ಬರು ಕತ್ತಿಯಿಂದ ಎದುರಿಸುತ್ತಿದ್ದ ಕಾಲವದು. 1594ರಲ್ಲಿ ಶಾಬ್ಲೆ ಪ್ರಾಂತ್ಯಕ್ಕೆ ಹೋದ ಈ ತರುಣ ಗುರುವಿನ ಪ್ರವಚನಕ್ಕೆ ಜನ ಬರಲು ಅಂಜಿದರು. ಆಗ ಅವನು ತನ್ನ ಮಾತನ್ನು ಸಣ್ಣ ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲ ಸಂದಿನಲ್ಲಿ ತೂರಿಸಿದ. 1923ರಲ್ಲಿ ಪೋಪ್ 11ನೆಯ ಪಯಸ್ ಅವನನ್ನು ಪತ್ರಕರ್ತರ ಮತ್ತು ಬರಹಗಾರರ ಪಾಲಕ ಸಂತನೆಂದು ಘೋಷಿಸಿದ್ದಕ್ಕೆ ಈ ಹಾಳೆಗಳೂ ಕಾರಣ.

ಅವನ ‘ಭಕ್ತಿಜೀವನಕ್ಕೆ ಪ್ರವೇಶ’ ಎಂಬ ಪುಸ್ತಕ 1609ರಲ್ಲಿ ಬಂತು. ಮಠ ಸೇರದೆ ಸಂಸಾರದಲ್ಲಿಯೇ ಇರುವವರಿಗೆಂದು ಬರೆದದ್ದು ಇದರ ವಿಶೇಷ. ಮೂರನೆಯ ಭಾಗದ 8 ಮತ್ತು 9ನೆಯ ಅಧ್ಯಾಯಗಳು ಸಾಧುತ್ವವನ್ನು ಕುರಿತವು. ಕೋಪಕ್ಕೆ ಒಮ್ಮೆ ಒಳಗೆ ಜಾಗ ಕೊಟ್ಟು ಆಮೇಲೆ ಹದವಾಗಿ ಬಳಸುತ್ತೇನೆಂದರೆ ಆಗದು, ಅದು ತನಗೆ ತಾನೇ ಸಮರ್ಥನೆಗಳನ್ನು ಕಟ್ಟಿಕೊಂಡು ಬೆಳೆಯುತ್ತದೆ. ಬಂದ ಕೂಡಲೇ, ಗದ್ದಲ ಮಾಡದೆ, ಪ್ರಾರ್ಥನೆಯ ಬಲದಿಂದ ಅದನ್ನು ಹೊರಗಿಡಬೇಕು ಎಂಬುದು ಒಂದು ಬೋಧೆ. ಸಿಟ್ಟಿನಲ್ಲಿ ತಪ್ಪಾಗಿ ನಡೆದುಕೊಂಡರೆ ತಡಮಾಡದೆ, ಅದೇ ವ್ಯಕ್ತಿಯ ಬಳಿ, ಮೃದುವಾದ ಒಂದು ನಡೆಯಿಂದ ಅದನ್ನು ಸರಿಪಡಿಸಬೇಕು ಎಂಬುದು ಇನ್ನೊಂದು. 9ನೆಯ ಅಧ್ಯಾಯದ ವಿಷಯ ಇನ್ನೂ ಸೂಕ್ಷ್ಮ. ಕೋಪಿಸಿಕೊಂಡೆನಲ್ಲ ಎಂದು ತನ್ನ ಮೇಲೆಯೇ ಕೋಪಿಸಿಕೊಳ್ಳುವವರು ಎರಡನೆಯ ಸಲ ಕೋಪಕ್ಕೆ ಸೋಲುತ್ತಾರೆ. ಬಿದ್ದ ಮನಸ್ಸನ್ನು ಬಯ್ದು ಎಬ್ಬಿಸುವುದಕ್ಕಿಂತ ಕನಿಕರದಿಂದ ಎಬ್ಬಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ನಾಲ್ಕು ಶತಮಾನಗಳ ಹಿಂದಿನ ಈ ಸಲಹೆಯಷ್ಟು ಉಪಯುಕ್ತವಾದದ್ದು ಈ ವಿಷಯದ ಬರಹಗಳಲ್ಲಿ ವಿರಳ. 1610ರಲ್ಲಿ ಜೇನ್ ಡಿ ಶಾಂತಾಲ್ ಜೊತೆಗೂಡಿ ಆನ್ನೆಸಿಯಲ್ಲಿ ಅವನು ಸ್ಥಾಪಿಸಿದ ‘ವಿಸಿಟೇಶನ್’ ಕನ್ಯಾಸ್ತ್ರೀಯರ ಸಭೆಯು ಕಠೋರ ದೇಹದಂಡನೆಗಿಂತ ಸಾಧುತ್ವ, ದೀನತೆಗಳಿಗೇ ಒತ್ತುಕೊಟ್ಟಿತು. 1665ರಲ್ಲಿ ಅವನನ್ನು ಸಂತನೆಂದೂ 1877ರಲ್ಲಿ ಧರ್ಮಸಭೆಯ ಪಂಡಿತನೆಂದೂ ಘೋಷಿಸಲಾಯಿತು.

ಈ ಸಂಪ್ರದಾಯ ಮಧ್ಯಭಾರತವನ್ನು ಮುಟ್ಟಿದ್ದು ಅವನ ಹೆಸರಿನ ಮಿಷನರಿಗಳ ಮೂಲಕ. ಪೀಟರ್ ಮೆರ್ಮಿಯೆ 1838ರಲ್ಲಿ ಆನ್ನೆಸಿಯಲ್ಲಿ ಸ್ಥಾಪಿಸಿದ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಮಿಷನರಿಗಳ ಸಭೆಯ ಗುರುಗಳು 1840ರ ದಶಕದ ನಡುವಿನಲ್ಲಿ ಭಾರತಕ್ಕೆ ಬಂದು ವಿಶಾಖಪಟ್ಟಣದಲ್ಲಿ ನೆಲೆಸಿದರು. ಅವರ ಕ್ಷೇತ್ರ ನಾಗಪುರದವರೆಗೂ ಹಬ್ಬಿತ್ತು. 1870ರಲ್ಲಿ ನಾಗಪುರದಲ್ಲಿ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಶಾಲೆ ಆರಂಭವಾಯಿತು. 1887ರಲ್ಲಿ ನಾಗಪುರ ಪ್ರತ್ಯೇಕ ಧರ್ಮಪ್ರಾಂತ್ಯವಾಗಿ, ಅದೇ ಸಭೆಯ ಅಲೆಕ್ಸಿಸ್ ರಿಕ್ಕಾಝ್ ಮೊದಲ ಧರ್ಮಾಧ್ಯಕ್ಷನಾದ. 1953ರಲ್ಲಿ ಅದು ಮಹಾಧರ್ಮಪ್ರಾಂತ್ಯವಾಯಿತು; 1956ರಲ್ಲಿ ಅದೇ ಸಂತನ ಹೆಸರಿನ ಕಾಲೇಜು ಬಂತು. ನಗರದ ಪ್ರಧಾನಾಲಯವೂ ಅವನಿಗೇ ಅರ್ಪಿತವಾಗಿದೆ. ಜನವರಿ 24 ಈ ಸಂತನ ಹಬ್ಬ.

ಇಟಲಿಯ ತುರಿನ್ ನಗರದ ಗುರು ಜಾನ್ ಬೋಸ್ಕೊ (1815–1888) ಇದೇ ಸಂತನನ್ನು ಪಾಲಕನನ್ನಾಗಿ ಆರಿಸಿಕೊಂಡು 1859ರಲ್ಲಿ ಸಲೇಶಿಯನ್ನರ ಸಭೆಯನ್ನು ಸ್ಥಾಪಿಸಿದ. ಒಂಬತ್ತರ ವಯಸ್ಸಿನಲ್ಲಿ ಕಂಡ ಕನಸೊಂದನ್ನು ಅವನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಬಯ್ದಾಡುತ್ತಿದ್ದ ಹುಡುಗರ ಮೇಲೆ ಅವನು ಮುಷ್ಟಿ ಎತ್ತಿದಾಗ, ಇವರನ್ನು ಗೆಲ್ಲಬೇಕಾದದ್ದು ಹೊಡೆತದಿಂದಲ್ಲ, ಸಾಧುತ್ವ ಮತ್ತು ಪ್ರೀತಿಯಿಂದ ಎಂಬ ಸೂಚನೆ ದೊರೆಯಿತಂತೆ. 1877ರಲ್ಲಿ ಅವನು ಬರೆದ ‘ನಿವಾರಕ ಪದ್ಧತಿ’ ಎಂಬ ಕಿರುಪ್ರಬಂಧ ವಿವೇಕ, ಧರ್ಮ, ವಾತ್ಸಲ್ಯ ಈ ಮೂರನ್ನು ಶಿಕ್ಷಣದ ಆಧಾರವೆಂದು ಹೇಳುತ್ತದೆ. ಮಕ್ಕಳು ತಪ್ಪುಮಾಡುವವರೆಗೆ ಕಾದು ದಂಡಿಸುವುದರ ಬದಲು, ಅವರ ನಡುವೆಯೇ ಇದ್ದು ತಪ್ಪಿಗೆ ಆಸ್ಪದವೇ ಆಗದಂತೆ ನೋಡಿಕೊಳ್ಳುವುದು ಇದರ ತಿರುಳು. ಹೊಡೆಯುವುದಕ್ಕೆ ಇಲ್ಲಿ ಎಡೆಯಿಲ್ಲ. ಗದರಿಸುವುದಿದ್ದರೂ ಉಳಿದವರ ಎದುರಿಗೆ ಗದರಿಸಬಾರದು. ರಾತ್ರಿ ಮಲಗುವ ಮುನ್ನ ಹಿರಿಯರೊಬ್ಬರು ಎಲ್ಲ ಮಕ್ಕಳಿಗೆ ಎರಡು ನಿಮಿಷ ಅಕ್ಕರೆಯ ಮಾತು ಹೇಳುವ ‘ಶುಭರಾತ್ರಿ’ಯ ಪದ್ಧತಿ ಸಲೇಶಿಯನ್ ಸಂಸ್ಥೆಗಳಲ್ಲಿ ಇಂದಿಗೂ ಇದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಗುಣದ ಬೋಧೆ ಹೊಸ ನೆಲದಲ್ಲೇನೂ ಬೇರೂರಲಿಲ್ಲ. ಮೃದುವಾದ ಮಾತನ್ನು ಜಪತಪಗಳ ಸ್ಥಾನದಲ್ಲಿಟ್ಟ ಬಸವಣ್ಣನವರ ವಚನ, ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಯ ಮರುಸ್ಥಾನದಲ್ಲಿಯೇ ಉತ್ತಮ ಮಾರ್ದವವನ್ನು ಎಣಿಸುವ ಜೈನ ಸಂಪ್ರದಾಯ ಎರಡೂ ಇಲ್ಲಿ ಮೊದಲೇ ಇದ್ದವು. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ಉಡುಪನ್ನು ಧರಿಸಿ, ಕನ್ನಡ ಕಲಿತು, ಕನ್ನಡದಲ್ಲಿಯೇ ಕ್ರೈಸ್ತ ಬೋಧೆಯನ್ನು ಬರೆದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಸಭೆಗಳಲ್ಲಿ ಹಿರಿಯರ ಮಂಡಳಿ, ಕುಟುಂಬಪ್ರಾರ್ಥನೆ, ಭಾನುವಾರ ಶಾಲೆಗಳ ಮೂಲಕ ನಡವಳಿಕೆಯ ಶಿಸ್ತನ್ನು ಕಟ್ಟಿತು. ಈ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಹೊರತಂದ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಕೃತಿ.

ಸಾಧುತ್ವವನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ಆಚರಣೆ ಇಲ್ಲಿನ ಆರಾಧನೆಯಲ್ಲಿದೆ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯು 1950ರಲ್ಲಿ ಅಂಗೀಕರಿಸಿದ ಪ್ರಭುಭೋಜನದ ಕ್ರಮದಲ್ಲಿ ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ. ಇಬ್ಬರೂ ತಮ್ಮ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಸಿರಿಯನ್ ಕ್ರೈಸ್ತರ ರೂಢಿಯಿಂದ ಬಂದ ಕ್ರಮವಿದು. ಪೀಠದ ಬಳಿಯಿಂದ ಹೊರಟ ಶಾಂತಿ ಸಾಲುಸಾಲಾಗಿ ಕೊನೆಯ ಬೆಂಚಿನವರೆಗೆ ಹೋಗುತ್ತದೆ. ಪಕ್ಕದಲ್ಲಿ ಕೂತವರೊಡನೆ ವಾರವಿಡೀ ಮಾತು ಬಿಟ್ಟಿದ್ದರೂ ಆ ಹೊತ್ತಿಗೆ ಕೈ ನೀಡಲೇಬೇಕಾಗುತ್ತದೆ. ಕ್ಯಾಥೊಲಿಕರಲ್ಲಿ 1969ರಲ್ಲಿ ರೋಮ್ ಒಪ್ಪಿದ, ಭಾರತೀಯ ಪೂಜಾವಿಧಿಗೆ ಸಂಬಂಧಿಸಿದ ಹನ್ನೆರಡು ಅಂಶಗಳು ಶಾಂತಿಯ ವಿನಿಮಯಕ್ಕೆ ಅಂಜಲಿ ಮುದ್ರೆಯನ್ನು ಅನುಮತಿಸಿದವು. ಇವನ್ನು ಬಳಕೆಗೆ ತರುವಲ್ಲಿ ಬೆಂಗಳೂರಿನ ರಾಷ್ಟ್ರೀಯ ಧರ್ಮಬೋಧನಾ ಕೇಂದ್ರ ಮತ್ತು ಅದರ ಸ್ಥಾಪಕ ಡಿ. ಎಸ್. ಅಮಲೋರ್‌ಪವದಾಸ್ ಮುಖ್ಯಪಾತ್ರ ವಹಿಸಿದರು. ಇಂದು ಕನ್ನಡ ಬಲಿಪೂಜೆಗಳಲ್ಲಿ ಭಕ್ತರು ಕೈಮುಗಿದು, ತಲೆಬಾಗಿ, ಒಬ್ಬರಿಗೊಬ್ಬರು ಶಾಂತಿ ಕೋರುತ್ತಾರೆ.

ಜಾನ್ ಬೋಸ್ಕೊನ ಪದ್ಧತಿಗೆ ರಾಜ್ಯದಲ್ಲಿರುವ ಗಮನಾರ್ಹ ಉದಾಹರಣೆ ‘ಬೆಂಗಳೂರು ಓಣಿಯವರ ಸೇವಾ ಕೂಟ’. ‘ಬೋಸ್ಕೊ’ ಎಂಬ ಹೆಸರಿನಿಂದಲೇ ಪರಿಚಿತವಾದ ಇದನ್ನು ಸಲೇಶಿಯನ್ನರು 1980ರಲ್ಲಿ ಆರಂಭಿಸಿದರು. ಮನೆಬಿಟ್ಟು ಬಂದು ರೈಲು ನಿಲ್ದಾಣ, ಬಸ್ ನಿಲ್ದಾಣ, ಬೀದಿಗಳಲ್ಲಿ ಬದುಕುವ ಮಕ್ಕಳ ನಡುವೆ ಇದರ ಕೆಲಸ. ಹೊಡೆತ ತಿಂದೇ ಮನೆಬಿಟ್ಟ ಮಗುವನ್ನು ಗದರಿಸಿ ನಿಲ್ಲಿಸಿಕೊಳ್ಳಲಾಗದು. ಮೊದಲು ಪರಿಚಯ, ಆಮೇಲೆ ನಂಬಿಕೆ, ನಂತರವೇ ವಸತಿ, ಕಲಿಕೆ, ಸಾಧ್ಯವಾದರೆ ಮರಳಿ ಮನೆ ಎಂಬ ಕ್ರಮ ಇಂಥ ಕೆಲಸದಲ್ಲಿ ಅನಿವಾರ್ಯ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ರಾನ್ಸಿಸ್ ಡಿ ಸೇಲ್ಸ್ ಮಿಷನರಿಗಳು ನಡೆಸುವ ಕಾಲೇಜೂ ಇದೆ. ನಾಗಪುರದ ಸಂಸ್ಥೆಗಳೂ ಇದೂ ಒಂದೇ ಮನೆತನಕ್ಕೆ ಸೇರಿದವು.

ನಿತ್ಯಜೀವನದಲ್ಲಿ ಅಭ್ಯಾಸ

ಸಾಧುತ್ವವನ್ನು ರೂಢಿಸುವ ಸಾಧನಗಳಲ್ಲಿ ಹಳೆಯದು ಆತ್ಮಶೋಧನೆ. ರಾತ್ರಿಯ ಪ್ರಾರ್ಥನೆಗೆ ಮೊದಲು ದಿನವನ್ನು ಹಿಂದಿರುಗಿ ನೋಡಿ, ಯಾರ ಮೇಲೆ ರೇಗಿದೆ, ಯಾವ ಮಾತು ಹೆಚ್ಚಾಯಿತು ಎಂದು ಕೇಳಿಕೊಳ್ಳುವುದು ಇದರ ಕ್ರಮ. ಕ್ಯಾಥೊಲಿಕರಲ್ಲಿ ಇದು ಪಾಪನಿವೇದನೆಗೆ ಸಿದ್ಧತೆಯೂ ಹೌದು. ಹೊತ್ತು ಮುಳುಗುವ ಮುನ್ನ ಕೋಪವನ್ನು ಬಿಟ್ಟುಬಿಡಬೇಕೆಂಬ ಎಫೆಸದವರಿಗೆ ಬರೆದ ಪತ್ರದ ಬೋಧೆ ಸಂಜೆಯ ಕುಟುಂಬಪ್ರಾರ್ಥನೆಗೆ ಒಂದು ಕೆಲಸವನ್ನು ವಹಿಸಿದೆ. ಜಗಳವಾಡಿದ ಗಂಡಹೆಂಡಿರು, ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಕೂತು ಕರ್ತನ ಪ್ರಾರ್ಥನೆಯನ್ನು ಹೇಳುವಾಗ, ಕ್ಷಮಿಸಿದಂತೆ ಕ್ಷಮಿಸು ಎಂಬ ಕೋರಿಕೆಯನ್ನು ದಾಟಿಹೋಗಲು ದಾರಿಯಿಲ್ಲ.

ತಿದ್ದುವ ಕ್ರಮವನ್ನು ಮತ್ತಾಯನ 18ನೆಯ ಅಧ್ಯಾಯ ನಿಗದಿಪಡಿಸಿದೆ: ಮೊದಲು ಇಬ್ಬರೇ ಇರುವಾಗ ಹೇಳಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಸಭೆಯ ಮುಂದಿಡುವುದು ಆಮೇಲಿನ ಹೆಜ್ಜೆ. ಮನೆಯಲ್ಲಿ, ಕಚೇರಿಯಲ್ಲಿ, ಸಭೆಯ ಕಮಿಟಿಯಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಹತ್ತು ಜನರೆದುರು ಬಯ್ದು, ಒಬ್ಬರೇ ಸಿಕ್ಕಾಗ ಸಮಾಧಾನ ಹೇಳುವುದು ರೂಢಿಯಾಗಿದೆ. ಹೆತ್ತವರಿಗೆ ಪೌಲನ ಪತ್ರಗಳಲ್ಲಿ ಪ್ರತ್ಯೇಕ ಸೂಚನೆಯಿದೆ: ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬಾರದು. ಅಪ್ಪನ ಮಾತಿಗೆ ಎದುರಿಲ್ಲದ ರೋಮನ್ ಸಮಾಜದಲ್ಲಿ ಇದು ಅಧಿಕಾರವುಳ್ಳವನಿಗೇ ಹಾಕಿದ ಕಟ್ಟಳೆ.

ದುಡಿಮೆಯ ಜಾಗದಲ್ಲಿ ಮೇಲಿನವರು ಕೆಳಗಿನವರಿಗೆ ಆಜ್ಞೆ ಕೊಡುವ ಧ್ವನಿ, ಮನೆಗೆಲಸದವರನ್ನು ಕರೆಯುವ ರೀತಿ, ಆಟೊ ಚಾಲಕರೊಡನೆ ಚಿಲ್ಲರೆಯ ವಿಚಾರ, ಆಸ್ಪತ್ರೆಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಮುದುಕರಿಗೆ ಕೊಡುವ ಉತ್ತರ, ಇವೆಲ್ಲ ಈ ಗುಣದ ಕ್ಷೇತ್ರಗಳು. ಪವಿತ್ರ ಗುರುವಾರದಂದು ಗುರುಗಳು ಮಂಡಿಯೂರಿ ಭಕ್ತರ ಪಾದ ತೊಳೆಯುವ ವಿಧಿಯು ಇದನ್ನೇ ವರ್ಷಕ್ಕೊಮ್ಮೆ ಎಲ್ಲರ ಮುಂದಿಡುತ್ತದೆ.

ದುರ್ಬಳಕೆ ಮತ್ತು ವಿಮರ್ಶೆ

ಸಾಧುತ್ವದ ಬೋಧೆಯನ್ನು ಬಲವಿಲ್ಲದವರ ಬಾಯಿ ಕಟ್ಟಲು ಬಳಸಿದ ಉದಾಹರಣೆಗಳು ಎಲ್ಲ ಕಾಲದಲ್ಲಿಯೂ ಇವೆ. ಪೇತ್ರನ ಮೊದಲ ಪತ್ರದ 3ನೆಯ ಅಧ್ಯಾಯವು ಹೆಂಡತಿಯರಿಗೆ ಸಾಧುವೂ ಶಾಂತವೂ ಆದ ಮನಸ್ಸನ್ನು ಬೋಧಿಸುತ್ತದೆ. ಹೊಡೆಯುವ ಗಂಡನನ್ನು ಸಹಿಸಿಕೊಂಡಿರು ಎಂದು ಹೇಳಲು ಈ ಭಾಗವನ್ನು ಉಲ್ಲೇಖಿಸಿದವರಿದ್ದಾರೆ. ಅದೇ ಅಧ್ಯಾಯ ಗಂಡಂದಿರಿಗೆ ಹೆಂಡತಿಯನ್ನು ಗೌರವದಿಂದ ಕಾಣಬೇಕೆಂದು, ಇಲ್ಲದಿದ್ದರೆ ಪ್ರಾರ್ಥನೆಗೇ ಅಡ್ಡಿಯಾಗುವುದೆಂದು ಎಚ್ಚರಿಸುವುದನ್ನು ಅವರು ಕೈಬಿಡುತ್ತಾರೆ. ಇಂಥ ಬೋಧೆ ತಪ್ಪು. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆಯ ಆಸರೆ ಪಡೆಯುವ ಹೆಣ್ಣು ಸಾಧುತ್ವವನ್ನು ಮೀರಿದವಳಲ್ಲ.

ದಲಿತ ದೇವಶಾಸ್ತ್ರವೂ ಇದೇ ಪ್ರಶ್ನೆಯನ್ನು ಎತ್ತಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸ ಈ ಚಿಂತನೆಯ ಆರಂಭವೆಂದು ಪರಿಗಣಿತವಾಗಿದೆ. ತಲೆಮಾರುಗಳಿಂದ ತಲೆಬಾಗಿಸಲ್ಪಟ್ಟವರಿಗೆ ಇನ್ನೂ ತಗ್ಗಿ ಎಂದು ಬೋಧಿಸುವುದು ಸುವಾರ್ತೆಯೇ ಎಂಬ ಪ್ರಶ್ನೆಗೆ ಈ ಚಿಂತನೆ ದಾರಿಮಾಡಿತು. ಆತ್ಮಗೌರವಕ್ಕಾಗಿ ಹೋರಾಡುವುದೂ ಸಾಧುತ್ವವೂ ಒಂದಕ್ಕೊಂದು ಎದುರಲ್ಲ ಎಂಬುದಕ್ಕೆ ಪರ್ವತಪ್ರಸಂಗವನ್ನು ಅಕ್ಕರೆಯಿಂದ ಓದಿದ ಗಾಂಧೀಜಿಯವರ ಸತ್ಯಾಗ್ರಹ, ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ನಡೆಸಿದ ಚಳವಳಿ ಎರಡನ್ನೂ ಉದಾಹರಿಸುವುದುಂಟು.

ಇಂದಿನ ಸ್ಥಿತಿ

ಶಾಲೆಗಳ ಮಟ್ಟಿಗೆ, ಹೊಡೆಯದೆ ಕಲಿಸುವುದು ಇಂದು ಧಾರ್ಮಿಕ ಆದರ್ಶವಾಗಿ ಮಾತ್ರ ಉಳಿದಿಲ್ಲ. ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮರೆಯಾದ ತರಗತಿಗಳಲ್ಲಿ ಚುಚ್ಚುಮಾತು ಮರೆಯಾಗುವುದು ಇನ್ನೂ ಬಾಕಿಯಿದೆ. ಕಾಯಿದೆಯ ಎರಡನೆಯ ಅಂಶವಾದ ಮಾನಸಿಕ ಕಿರುಕುಳದ ನಿಷೇಧ ಹೆಚ್ಚು ಬಲ ಪಡೆಯಬೇಕಾಗಿದೆ.

ಪೋಪ್ ಫ್ರಾನ್ಸಿಸ್ 2018ರಲ್ಲಿ ಹೊರಡಿಸಿದ ‘ಗೌದೆತೆ ಎತ್ ಎಕ್ಸುಲ್ತಾತೆ’ ಎಂಬ ಬೋಧನಾಪತ್ರವು ಪರ್ವತಪ್ರಸಂಗದ ಧನ್ಯವಾಕ್ಯಗಳನ್ನು ಒಂದೊಂದಾಗಿ ವಿವರಿಸುತ್ತ ಸಾಧುತ್ವಕ್ಕೆ ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದೆ. ಕ್ರೈಸ್ತರೂ ಅಂತರಜಾಲದಲ್ಲಿ ಮಾತಿನ ಹಿಂಸೆಗೆ ಇಳಿಯುತ್ತಿದ್ದಾರೆ, ಧರ್ಮವನ್ನು ಕಾಯುತ್ತೇವೆಂಬ ಹೆಸರಿನಲ್ಲಿ ಪರರ ಹೆಸರು ಕೆಡಿಸುತ್ತಿದ್ದಾರೆ ಎಂದು ಅದೇ ಪತ್ರ ಎಚ್ಚರಿಸುತ್ತದೆ. ಫ್ರಾನ್ಸಿಸ್ ಡಿ ಸೇಲ್ಸ್ ತೀರಿಕೊಂಡು ನಾನೂರು ವರ್ಷವಾದ ಸಂದರ್ಭದಲ್ಲಿ, 2022ರ ಡಿಸೆಂಬರ್ 28ರಂದು, ‘ತೋತುಮ್ ಅಮೋರಿಸ್ ಎಸ್ತ್’ ಎಂಬ ಇನ್ನೊಂದು ಪತ್ರ ಬಂತು. ಮೊಬೈಲಿನಲ್ಲಿ ಬರೆದ ಮಾತನ್ನು ಕಳಿಸುವ ಮುನ್ನ ತಡೆದು ಮತ್ತೊಮ್ಮೆ ಓದುವುದು, ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ತಪ್ಪನ್ನು ಎಲ್ಲರ ಮುಂದೆ ಎತ್ತಿಹಿಡಿಯದೆ ಅವರೊಬ್ಬರಿಗೇ ಫೋನ್ ಮಾಡುವುದು, ಮತ್ತಾಯನ 18ನೆಯ ಅಧ್ಯಾಯದ ಕ್ರಮಕ್ಕೆ ಇಂದು ಸಿಕ್ಕಿರುವ ಹೊಸ ರೂಪಗಳು.